ಒಂದು ಬಚ್ಚಲಿಗೆ ಎಷ್ಟು ಶವರ್? ರೇನ್ ಶವರ್, ಹ್ಯಾಂಡ್ ಶವರ್, ಬಾಡಿ ಜೆಟ್‌ಗಳಲ್ಲಿ ನಿಮ್ಮ ಮನೆಗೆ ಹೊಂದುವುದು ಯಾವುದು

ಹೊಸ ಮನೆ ಕಟ್ಟಿಸುವವರು, ಹಳೇ ಬಚ್ಚಲು ಒಡೆದು ಮಾಡಿಸುವವರು ಈಗ ಒಂದೇ ಶವರ್‌ಗೆ ಸುಮ್ಮನಾಗುವುದಿಲ್ಲ. ತಲೆ ಮೇಲೊಂದು ರೇನ್ ಶವರ್, ಕೈಗೊಂದು ಹ್ಯಾಂಡ್ ಶವರ್, ಗೋಡೆಯಲ್ಲಿ ನಾಲ್ಕೋ ಆರೋ ಬಾಡಿ ಜೆಟ್. ಶೋರೂಮ್‌ನಲ್ಲಿ ಗುಂಡಿ ಒತ್ತಿದ ಕೂಡಲೇ ಎಲ್ಲವೂ ಒಟ್ಟಿಗೆ ಚಿಮ್ಮುತ್ತವೆ. ನೋಡಿದವರಿಗೆ ಆಸೆಯಾಗದೆ ಇರುತ್ತದಾ? ಆದರೆ ಆ ಡಿಸ್‌ಪ್ಲೇ ಗೋಡೆಯ ಹಿಂದೆ ಒಂದು ಪಂಪ್ ಓಡುತ್ತಿರುತ್ತದೆ. ನಿಮ್ಮ ಮನೆಯಲ್ಲಿರುವುದು ತಾರಸಿ ಮೇಲಿನ ಸಿಂಟೆಕ್ಸ್, ಅಷ್ಟೇ.

ಅಮೆರಿಕದ ವಿಡಿಯೊಗಳದ್ದೂ ಇದೇ ಕಥೆ. ಅಲ್ಲಿನ ಮನೆಗಳಿಗೆ ಬೀದಿಯ ಪೈಪಿನಿಂದಲೇ ಸಾಮಾನ್ಯವಾಗಿ 3ರಿಂದ 5 ಬಾರ್ ಒತ್ತಡದಲ್ಲಿ ನೀರು ಬರುತ್ತದೆ. ಬಿಸಿನೀರಿನ ಟ್ಯಾಂಕ್ 150ರಿಂದ 190 ಲೀಟರ್‌ನದು. ಅವರು ಆರು ಜೆಟ್ ಹಾಕಿಸಿಕೊಂಡರೂ ನಡೆಯುತ್ತದೆ. ನಮ್ಮಲ್ಲಿ 25 ಲೀಟರ್ ಗೀಸರ್ ಇಟ್ಟುಕೊಂಡು ಅದನ್ನೇ ಮಾಡಹೊರಟರೆ ಮೈಗೆ ಸೋಪು ಹಚ್ಚುವಷ್ಟರಲ್ಲಿ ತಣ್ಣೀರು ಬರುತ್ತದೆ.

ಹಾಗಾಗಿ ನಾನು ಯಾರಿಗಾದರೂ ಹೇಳುವುದು ಇಷ್ಟೇ. ಶವರ್ ಆರಿಸುವ ಮೊದಲು ತಾರಸಿ ಹತ್ತಿ ಟ್ಯಾಂಕ್ ನೋಡಿ. ಆಮೇಲೆ ಗೀಸರ್ ನೋಡಿ. ಆಮೇಲೆ ಗೋಡೆ ನೋಡಿ. ಕೊನೆಗೆ ಶೋರೂಮ್‌ಗೆ ಹೋಗಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ.

ಒತ್ತಡ ಎಷ್ಟಿದೆ?

ಟ್ಯಾಂಕಿನ ನೀರಿನ ಮಟ್ಟದಿಂದ ಶವರ್ ತಲೆಯವರೆಗೆ ಎಷ್ಟು ಎತ್ತರವಿದೆಯೋ ಅಷ್ಟೇ ನಿಮಗೆ ಸಿಗುವ ಒತ್ತಡ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಅಡಿ ಲೆಕ್ಕದಲ್ಲಿ ಹೇಳುವುದಾದರೆ ಪ್ರತಿ 10 ಅಡಿಗೆ ಸುಮಾರು 0.3 ಬಾರ್.

ಮೇಲಿನ ಮಹಡಿಯ ಬಚ್ಚಲು ತೆಗೆದುಕೊಳ್ಳಿ. ಶವರ್ ನೆಲದಿಂದ 7 ಅಡಿ ಎತ್ತರದಲ್ಲಿದೆ. ಅಲ್ಲಿಂದ ತಾರಸಿಗೆ 3 ಅಡಿ. ತಾರಸಿ ಮೇಲೆ ಟ್ಯಾಂಕಿಗೆ 5 ಅಡಿ ಕಟ್ಟೆ ಕಟ್ಟಿದ್ದೀರಿ. ಟ್ಯಾಂಕ್ ಅರ್ಧ ತುಂಬಿದೆ, 2 ಅಡಿ ನೀರಿದೆ. ಎಲ್ಲ ಕೂಡಿದರೆ 10 ಅಡಿ, ಅಂದರೆ 0.3 ಬಾರ್. ಕೆಳಗಿನ ಮಹಡಿಗೆ ಇದು 0.6 ಆಗುತ್ತದೆ. ಎರಡು ಮಹಡಿ ಕೆಳಗೆ ಹೋದರೆ 0.9ರ ಹತ್ತಿರ. ಇದರಲ್ಲೂ ಪೈಪಿನ ಉದ್ದ, ಬೆಂಡುಗಳು, ವಾಲ್ವುಗಳು ಒಂದಿಷ್ಟು ತಿಂದುಹಾಕುತ್ತವೆ.

ಈಗ ಶವರ್ ಡಬ್ಬದ ಮೇಲೆ ಬರೆದಿರುವುದನ್ನು ಓದಿ. ನಿಮಿಷಕ್ಕೆ 12 ಲೀಟರ್ ಅಂತ ಇರುತ್ತದೆ. ಅದನ್ನು ಬಹಳ ಕಂಪನಿಗಳು ಅಳೆಯುವುದು 3 ಬಾರ್ ಒತ್ತಡದಲ್ಲಿ. ಒತ್ತಡ ಹತ್ತರಲ್ಲಿ ಒಂದು ಪಾಲಾದರೆ ಬರುವ ನೀರು ಸರಿಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಮೇಲಿನ ಮಹಡಿಯಲ್ಲಿ ಆ 12 ಲೀಟರ್ ಶವರ್ ಕೊಡುವುದು 4 ಲೀಟರ್ ಆಸುಪಾಸು. ಅದು ಮಳೆಯಲ್ಲ, ತುಂತುರೂ ಅಲ್ಲ. ತಲೆ ಮೇಲೆ ನೀರು ತೊಟ್ಟಿಕ್ಕುತ್ತದೆ, ಅಷ್ಟೇ.

ದೊಡ್ಡ ತಲೆ ಹಾಕಿದರೆ ಜಾಸ್ತಿ ನೀರು ಬರುತ್ತದೆ ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. 6 ಇಂಚಿನ ಶವರ್‌ಗಿಂತ 12 ಇಂಚಿನದು ಅಗಲದಲ್ಲಿ ಎರಡು ಪಟ್ಟು, ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು. ಪೈಪಿನಲ್ಲಿ ಬರುವ ನೀರು ಅಷ್ಟೇ ಇದ್ದರೆ ಅದು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಒತ್ತಡ ಕಮ್ಮಿ ಇರುವ ಮನೆಗೆ 6 ಇಂಚಿನ, ಒಳ್ಳೆ ತೂತುಗಳಿರುವ ಶವರ್ ಕೊಡುವ ಸುಖವನ್ನು 12 ಇಂಚಿನದು ಕೊಡುವುದಿಲ್ಲ. ನೋಡಲು ಚೆಂದ, ಅದು ಬೇರೆ ವಿಷಯ.

ಬಕೆಟ್ ಇಟ್ಟು ಅಳೆಯಿರಿ

ಲೆಕ್ಕ ಬೇಡ ಅನ್ನುವವರಿಗೆ ಇನ್ನೂ ಸುಲಭದ ದಾರಿ ಇದೆ. ಹಳೇ ಬಚ್ಚಲಾದರೆ ಶವರ್ ತಲೆಯನ್ನು ತಿರುಗಿಸಿ ಬಿಚ್ಚಿ. ಹೊಸ ಮನೆಯಾದರೆ ಪ್ಲಂಬರ್ ಬಿಟ್ಟಿರುವ ಅರ್ಧ ಇಂಚಿನ ಪಾಯಿಂಟ್‌ನ ಡಮ್ಮಿ, ಅಂದರೆ ತಾತ್ಕಾಲಿಕ ಮುಚ್ಚಳ, ತೆಗೆಸಿ. ಆ ಪಾಯಿಂಟ್‌ಗೆ ಒಂದು ಹೋಸ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಶವರ್‌ನ ಎತ್ತರದಲ್ಲೇ ಹಿಡಿಯಿರಿ. ಕೆಳಕ್ಕೆ ಬಿಟ್ಟರೆ ಇಲ್ಲದ ಒತ್ತಡ ತೋರಿಸುತ್ತದೆ. ಸ್ಟೂಲ್ ಮೇಲೆ ನಿಂತವರೊಬ್ಬರು ಬಕೆಟ್ ಹಿಡಿಯಲಿ, ಇನ್ನೊಬ್ಬರು ಮೊಬೈಲ್‌ನಲ್ಲಿ ಸೆಕೆಂಡ್ ನೋಡಲಿ. ಬಕೆಟ್‌ಗೆ ಮೊದಲೇ ಲೀಟರ್ ಬಾಟಲಿಯಿಂದ ನೀರು ಹಾಕಿ 5 ಲೀಟರ್‌ಗೆ ಒಂದು ಗೆರೆ ಎಳೆದಿಟ್ಟುಕೊಳ್ಳಿ.

5 ಲೀಟರ್ ತುಂಬಲು 15 ಸೆಕೆಂಡ್ ಆದರೆ ನಿಮಿಷಕ್ಕೆ 20 ಲೀಟರ್. 30 ಸೆಕೆಂಡ್ ಆದರೆ 10 ಲೀಟರ್. ತಲೆ ಇಲ್ಲದ ಬರೀ ಪೈಪಿನಲ್ಲೇ 10 ಬರುತ್ತಿದ್ದರೆ ಶವರ್ ಸಿಕ್ಕಿಸಿದ ಮೇಲೆ ಅದಕ್ಕಿಂತ ಕಮ್ಮಿಯೇ ಬರುತ್ತದೆ. ಅಂಥ ಮನೆಗೆ ಪಂಪ್ ಇಲ್ಲದೆ ಎರಡು ಶವರ್ ಒಟ್ಟಿಗೆ ಓಡಿಸುವ ಯೋಚನೆಯೇ ಬೇಡ. ಇದೆಲ್ಲ ಬೆಳಿಗ್ಗೆ ಏಳೂವರೆಗೆ, ಅಡುಗೆಮನೆ ನಲ್ಲಿ, ಪಕ್ಕದ ಬಚ್ಚಲು ಎರಡೂ ಓಡುತ್ತಿರುವಾಗ ಮಾಡಿ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅಳೆದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

ಅಪಾರ್ಟ್‌ಮೆಂಟ್‌ನವರಿಗೆ ಈ ತಲೆನೋವು ಕಡಿಮೆ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಹೈಡ್ರೋ ನ್ಯೂಮ್ಯಾಟಿಕ್ ಪಂಪ್ ಇರುತ್ತದೆ. ನೀರು ಒಂದೇ ರಭಸದಲ್ಲಿ ಬರುತ್ತದೆ. ಅಲ್ಲಿನ ಕಷ್ಟ ಬೇರೆ, ಅದು ಗೋಡೆಯದು. ಅದಕ್ಕೆ ಆಮೇಲೆ ಬರುತ್ತೇನೆ.

ಪಂಪ್ ಹಾಕುವುದಾದರೆ

ಟ್ಯಾಂಕಿನಿಂದ ಕೆಳಗಿಳಿಯುವ ಪೈಪಿಗೆ ಒಂದು ಪ್ರೆಶರ್ ಪಂಪ್ ಹಾಕಿದರೆ ಒತ್ತಡ ಒಂದೂವರೆ, ಎರಡು ಬಾರ್‌ಗೆ ಏರುತ್ತದೆ. ಎರಡು ಬಚ್ಚಲಿನ ಮನೆಗೆ ಸಾಮಾನ್ಯವಾಗಿ ಅರ್ಧ ಎಚ್‌ಪಿ ಸಾಕಾಗುತ್ತದೆ. ನಲ್ಲಿ ತಿರುಗಿಸಿದ ಕೂಡಲೇ ತಾನೇ ಓಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಮಲಗುವ ಕೋಣೆಯ ನೆತ್ತಿಯ ಮೇಲೆ ಮಾತ್ರ ಇಡಿಸಬೇಡಿ. ರಾತ್ರಿ ಯಾರೋ ಕೈ ತೊಳೆದರೂ ಗುಂಯ್ ಅನ್ನುತ್ತದೆ. ಕೆಳಗೆ ರಬ್ಬರ್ ಪ್ಯಾಡ್ ಹಾಕಿಸಿ. ಕರೆಂಟ್ ಹೋದಾಗ ನೀರು ನಿಲ್ಲದಿರಲು ಪಂಪ್ ಪಕ್ಕದಲ್ಲೇ ಒಂದು ಬೈಪಾಸ್ ಪೈಪ್, ಅದಕ್ಕೊಂದು ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಇರಲಿ. ಬೆಂಗಳೂರಿನಲ್ಲಿ ಜಲಮಂಡಳಿಯ ಪೈಪಿಗೆ ನೇರವಾಗಿ ಮೋಟರ್ ಕೂರಿಸಿ ಎಳೆಯುವುದಕ್ಕೆ ಅವಕಾಶವಿಲ್ಲ. ಪಂಪ್ ಏನಿದ್ದರೂ ನಿಮ್ಮ ಟ್ಯಾಂಕಿನ ಆಚೆಗೆ.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ತಾರಸಿ ಮೇಲೆ ಸೋಲಾರ್ ಇರುವ ಮನೆಗಳಲ್ಲಿ ಈ ತೊಂದರೆ ಬರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಇರುವ ಗಾಜಿನ ಟ್ಯೂಬ್ ಸೋಲಾರ್‌ನ ಟ್ಯಾಂಕ್ ಒತ್ತಡ ತಡೆಯುವುದಿಲ್ಲ. ಅದಕ್ಕೆ ಮೇಲೆ ಒಂದು ತೆರೆದ ಏರ್ ಪೈಪ್ ಇರುತ್ತದೆ. ನೀವು ತಣ್ಣೀರಿಗೆ ಮಾತ್ರ ಪಂಪ್ ಹಾಕಿಸಿದಿರಿ ಅಂದುಕೊಳ್ಳಿ. ಬಿಸಿನೀರು 0.3 ಬಾರ್‌ನಲ್ಲಿ ನಿಧಾನಕ್ಕೆ ಇಳಿದು ಬರುತ್ತಿದೆ, ತಣ್ಣೀರು 2 ಬಾರ್‌ನಲ್ಲಿ ನುಗ್ಗುತ್ತಿದೆ. ಎರಡೂ ಮಿಕ್ಸರ್‌ನಲ್ಲಿ ಸೇರಿದಾಗ ತಣ್ಣೀರು ಗೆಲ್ಲುತ್ತದೆ. ಬಿಸಿನೀರು ಬರುವುದೇ ಇಲ್ಲ. ಅಷ್ಟೇ ಆದರೆ ಪರವಾಗಿಲ್ಲ. ತಣ್ಣೀರು ಬಿಸಿನೀರಿನ ಪೈಪ್ ಹತ್ತಿ ಸೋಲಾರ್ ಟ್ಯಾಂಕ್ ಸೇರಿ, ಏರ್ ಪೈಪಿನಿಂದ ತಾರಸಿಗೆ ಸುರಿಯತೊಡಗುತ್ತದೆ. ಮನೆಯವರು ಟ್ಯಾಂಕ್ ಓವರ್‌ಫ್ಲೋ ಆಗುತ್ತಿದೆ ಅಂದುಕೊಂಡು ಬಾಲ್ ವಾಲ್ವ್ ಬದಲಾಯಿಸುತ್ತಿರುತ್ತಾರೆ.

ಇದಕ್ಕೆ ಪರಿಹಾರ ಮೂರು. ಒತ್ತಡ ತಡೆಯುವ ಪ್ರೆಶರೈಸ್ಡ್ ಸೋಲಾರ್ ಟ್ಯಾಂಕ್ ತೆಗೆದುಕೊಳ್ಳುವುದು, ದುಬಾರಿ ಆದರೆ ನೆಮ್ಮದಿ. ಇಲ್ಲವೇ ಸೋಲಾರ್‌ನಿಂದ ಇಳಿಯುವ ಪೈಪಿಗೂ ಬಿಸಿನೀರಿಗೆಂದೇ ಇರುವ ಇನ್ನೊಂದು ಪಂಪ್ ಹಾಕುವುದು. ಇಲ್ಲವೇ ಆ ಬಚ್ಚಲಿಗೆ ಕರೆಂಟ್ ಗೀಸರ್ ಮಾತ್ರ ಕೊಡುವುದು. ಸ್ಟೋರೇಜ್ ಗೀಸರ್‌ಗಳು ಸಾಮಾನ್ಯವಾಗಿ 8 ಬಾರ್‌ವರೆಗೆ ತಡೆಯುತ್ತವೆ. ಪಂಪಿನ ನೀರು ಗೀಸರ್ ಒಳಗೂ ಹೋಗುವುದರಿಂದ ಬಿಸಿ, ತಣ್ಣೀರು ಎರಡರ ಒತ್ತಡವೂ ಸಮ. ನೀರಿನ ಬಿಸಿಯನ್ನು ತಾನೇ ಒಂದೇ ಮಟ್ಟದಲ್ಲಿ ಇಡುವ ಥರ್ಮೋಸ್ಟಾಟ್ ಮಿಕ್ಸರ್ ಬೇಕು ಅನ್ನುವವರಿಗೆ ಈ ಸಮ ಒತ್ತಡ ಬೇಕೇ ಬೇಕು.

ಬಿಸಿನೀರು ಎಷ್ಟು ನಿಮಿಷ?

25 ಲೀಟರ್ ಗೀಸರ್‌ನಲ್ಲಿ 60 ಡಿಗ್ರಿ ನೀರಿದೆ. ನಲ್ಲಿ ನೀರು 22 ಡಿಗ್ರಿ. ಸ್ನಾನಕ್ಕೆ ಬೇಕಾದದ್ದು 40 ಡಿಗ್ರಿ. ಬೆರೆಸಿದರೆ ಹೆಚ್ಚೆಂದರೆ 50 ಲೀಟರ್ ಸ್ನಾನದ ನೀರು ಸಿಗುತ್ತದೆ.

ಬರೀ ಹ್ಯಾಂಡ್ ಶವರ್, ನಿಮಿಷಕ್ಕೆ 8 ಲೀಟರ್: ಆರು ನಿಮಿಷ ಬರುತ್ತದೆ. ಆರಾಮಾಗಿ ಸ್ನಾನ ಮುಗಿಯುತ್ತದೆ. ರೇನ್ ಶವರ್ 12 ಲೀಟರ್: ನಾಲ್ಕು ನಿಮಿಷ. ರೇನ್ ಶವರ್, ಹ್ಯಾಂಡ್ ಶವರ್, ತಲಾ 4 ಲೀಟರ್‌ನ ನಾಲ್ಕು ಜೆಟ್, ಎಲ್ಲ ಒಟ್ಟಿಗೆ ಬಿಟ್ಟರೆ ನಿಮಿಷಕ್ಕೆ 36 ಲೀಟರ್. ಒಂದೂವರೆ ನಿಮಿಷವೂ ಬರುವುದಿಲ್ಲ. ಆಮೇಲೆ 2 ಕಿಲೋವ್ಯಾಟ್ ಗೀಸರ್ ಮತ್ತೆ ಪೂರ್ತಿ ಕಾಯಲು ಅರ್ಧ ಗಂಟೆಗೂ ಮೇಲೆ ಬೇಕು.

3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಸರ್ ಇದ್ದರೆ ಶವರ್ ಬಗ್ಗೆ ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಅದು ನಿಮಿಷಕ್ಕೆ ಎರಡು, ಎರಡೂವರೆ ಲೀಟರ್ ಮಾತ್ರ ಸ್ನಾನದ ಬಿಸಿಗೆ ತರುತ್ತದೆ. ಬಕೆಟ್‌ಗೆ ಸರಿ. ಗ್ಯಾಸ್ ಗೀಸರ್ ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುತ್ತದೆ, ತಣ್ಣೀರು ಬೆರೆಸಿದರೆ ಒಂದು ಶವರ್ ಚೆನ್ನಾಗಿ ನಡೆಯುತ್ತದೆ. ಆದರೆ ಅದನ್ನು ಬಚ್ಚಲಿನ ಒಳಗೆ ಇಡುವಂತೆಯೇ ಇಲ್ಲ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ ಜನ ಸತ್ತಿದ್ದಾರೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗೊತ್ತಾಗುವಷ್ಟರಲ್ಲಿ ಕೈಕಾಲು ಆಡುವುದಿಲ್ಲ. ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಗಾಳಿಯಾಡುವ ಕಡೆ ಇಡಿ.

ಬಹು ಶವರ್‌ಗೆ ನಮ್ಮ ಕಡೆ ನಿಜವಾಗಿ ಹೊಂದುವುದು ಸೋಲಾರ್. 200 ಲೀಟರ್ ಸೋಲಾರ್ ಬಿಸಿಲಿದ್ದ ದಿನ 350ರಿಂದ 400 ಲೀಟರ್ ಸ್ನಾನದ ನೀರು ಕೊಡುತ್ತದೆ. ಅದರಲ್ಲೂ 36 ಲೀಟರ್ ಲೆಕ್ಕದಲ್ಲಿ ಹೋದರೆ ಮೊದಲು ಎದ್ದವರು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ, ಉಳಿದವರು ಅವರನ್ನು ಬೈಯುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಸೋಲಾರ್ ನಂಬುವ ಹಾಗೂ ಇಲ್ಲ. ಬ್ಯಾಕಪ್ ಕಾಯಿಲ್ ಇರಲೇಬೇಕು.

ನೀರಿನ ಮಾತೂ ಇದೆ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ ಎಲ್ಲ ಕೆಲಸಕ್ಕೂ ಸೇರಿ 135 ಲೀಟರ್ ಅಂತ ಯೋಜನೆ ಮಾಡುವವರು ಲೆಕ್ಕ ಇಟ್ಟುಕೊಳ್ಳುತ್ತಾರೆ. ಎಲ್ಲ ಶವರ್ ಬಿಟ್ಟುಕೊಂಡು ಎಂಟು ನಿಮಿಷ ನಿಂತರೆ 288 ಲೀಟರ್. ಎರಡು ದಿನದ ನೀರು ಒಂದೇ ಸ್ನಾನಕ್ಕೆ. 500 ಲೀಟರ್ ಟ್ಯಾಂಕ್ ಇದ್ದರೆ ಇಬ್ಬರ ಸ್ನಾನಕ್ಕೂ ಸಾಲದು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಫೋನ್ ಮಾಡಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮಾರ್ಚ್‌ನಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್‌ಗಳ ನಲ್ಲಿಗಳಿಗೆ ಗಾಳಿ ಬೆರೆಸಿ ನೀರು ಉಳಿಸುವ ಏರೇಟರ್ ಕಡ್ಡಾಯ ಮಾಡಿತು.

ಈಗ ಆಯ್ಕೆಗಳಿಗೆ ಬರೋಣ

*ಓವರ್‌ಹೆಡ್ ಮತ್ತು ಹ್ಯಾಂಡ್ ಶವರ್.* ನನ್ನ ಮಾತು ಕೇಳುವುದಾದರೆ ಹತ್ತರಲ್ಲಿ ಎಂಟು ಮನೆಗೆ ಇದೇ ಸಾಕು. ಗೋಡೆಯಿಂದ ಕೈ ಚಾಚಿದ 6 ಅಥವಾ 8 ಇಂಚಿನ ಓವರ್‌ಹೆಡ್, ಪಕ್ಕದಲ್ಲಿ ಹೋಸ್ ಇರುವ ಹ್ಯಾಂಡ್ ಶವರ್, ಕೆಳಗೆ ಬಕೆಟ್‌ಗೆ ಸ್ಪೌಟ್. ಹ್ಯಾಂಡ್ ಶವರ್‌ನ ಉಪಯೋಗ ಜನಕ್ಕೆ ಮೊದಲು ಗೊತ್ತಾಗುವುದಿಲ್ಲ. ತಲೆ ನೆನೆಯದಂತೆ ಸ್ನಾನ ಮಾಡಬಹುದು. ಮಗುವಿಗೆ ನೀರು ಹಾಕಬಹುದು. ಮಂಡಿ ನೋವಿನ ಅಜ್ಜಿಯನ್ನು ಸ್ಟೂಲ್ ಮೇಲೆ ಕೂರಿಸಿ ಸ್ನಾನ ಮಾಡಿಸಬಹುದು. ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಮಿಂದ ಮೇಲೆ ಜಾರುವ ನೆಲವನ್ನು ಮೂಲೆ ಮೂಲೆಗೂ ತೊಳೆಯಬಹುದು. ಹೋಸ್ ಒಂದೂವರೆ ಮೀಟರ್ ಇರಲಿ. ಕೊಕ್ಕೆಯ ಬದಲು ಮೇಲೆ ಕೆಳಗೆ ಜಾರುವ ರಾಡ್ ಹಾಕಿಸಿದರೆ ಕುಳ್ಳಗಿನವರಿಗೂ ಎತ್ತರದವರಿಗೂ ಅದೇ ಎರಡನೇ ಶವರ್ ಆಗುತ್ತದೆ.

ಸ್ಪೌಟ್ ಬೇಡ, ಹಳೇ ಕಾಲದ್ದು ಅಂತ ಡಿಸೈನರ್‌ಗಳು ತೆಗೆಸಿಹಾಕುತ್ತಾರೆ. ಬಿಡಬೇಡಿ. ಸೋಲಾರ್ ಪೈಪ್‌ನಲ್ಲಿ ನಿಂತ ತಣ್ಣೀರು ಮೊದಲು ಬರುತ್ತದಲ್ಲ, ಮುಕ್ಕಾಲು ಇಂಚಿನ ಪೈಪಿನಲ್ಲಿ ಅದು ಮೀಟರ್‌ಗೆ ಕಾಲು ಲೀಟರ್. ಪೈಪ್ 20 ಮೀಟರ್ ಇದ್ದರೆ 5 ಲೀಟರ್. ಅದನ್ನು ಹಿಡಿಯಲು ಬಕೆಟ್ ಬೇಕು, ಬಕೆಟ್‌ಗೆ ಸ್ಪೌಟ್ ಬೇಕು. ನೆಲದಿಂದ 2 ಅಡಿ ಎತ್ತರದಲ್ಲಿದ್ದರೆ 20 ಲೀಟರ್ ಬಕೆಟ್ ಆರಾಮಾಗಿ ಕೂರುತ್ತದೆ.

*ಶವರ್ ಕಾಲಮ್ ಅಥವಾ ಪ್ಯಾನೆಲ್.* ಮೇಲೊಂದು ತಲೆ, ಕೈಯಲ್ಲೊಂದು, ಕೆಲವದರಲ್ಲಿ ಜೆಟ್ ಕೂಡ, ಎಲ್ಲ ಒಂದೇ ಕಂಬಕ್ಕೆ ಸೇರಿಸಿ ಗೋಡೆಯ ಹೊರಗೇ ನಿಲ್ಲುತ್ತದೆ. ಈಗಿರುವ ಮಿಕ್ಸರ್‌ನ ಬಿಸಿ, ತಣ್ಣೀರಿನ ಎರಡು ಪಾಯಿಂಟ್‌ಗೇ ಕೂರುತ್ತದೆ. ಟೈಲ್ಸ್ ಒಡೆಯಬೇಕಿಲ್ಲ. ಬಾಡಿಗೆ ಮನೆಯವರು ಬಿಟ್ಟುಹೋಗುವಾಗ ಬಿಚ್ಚಿಕೊಂಡು ಹೋಗಬಹುದು. ಕೆಟ್ಟರೆ ರಿಪೇರಿ ಕಣ್ಣೆದುರೇ. ನೋಡಲು ಕನ್ಸೀಲ್ಡ್, ಅಂದರೆ ಗೋಡೆಯೊಳಗೆ ಹೂತು ಮಾಡಿದಷ್ಟು ನುಣುಪಾಗಿ ಇರುವುದಿಲ್ಲ, ಉಜ್ಜಿ ತೊಳೆಯಲು ಸಂದಿಗೊಂದಿ ಜಾಸ್ತಿ. ಅಗ್ಗದ ಪ್ಯಾನೆಲ್‌ಗಳ ಒಳಗೆ ತೆಳು ಹೋಸ್‌ಗಳಿರುತ್ತವೆ. ಜೆಟ್ ಬಿಟ್ಟರೆ ಮೇಲಿನ ಶವರ್ ಸೊರಗುತ್ತದೆ. ಜೆಟ್ ಇಲ್ಲದ ಸಾದಾ ಕಾಲಮ್ ತೆಗೆದುಕೊಳ್ಳುವುದೇ ವಾಸಿ.

*ಸೀಲಿಂಗ್‌ನ ರೇನ್ ಶವರ್.* ನೆತ್ತಿಯ ಮೇಲೆ ನೇರವಾಗಿ ಬೀಳುವ ನೀರಿನ ಸುಖವೇ ಬೇರೆ, ಒಪ್ಪುತ್ತೇನೆ. ಆದರೆ ಫಾಲ್ಸ್ ಸೀಲಿಂಗ್ ಬೇಕು, ಅದರೊಳಗೆ ಪೈಪ್ ಹೋಗಬೇಕು, ಮುಂದೊಂದು ದಿನ ಸೋರಿದರೆ ಕೈ ಹಾಕಲು ಒಂದು ಬಾಗಿಲು ಬಿಟ್ಟಿರಬೇಕು. ಶವರ್ ಇನ್ನೂ ಮೇಲೆ ಹೋಗುವುದರಿಂದ ಮೊದಲೇ ಕಮ್ಮಿ ಇರುವ ಒತ್ತಡದಲ್ಲಿ ಇನ್ನೊಂದು ಅಡಿ ಕಳೆದುಹೋಗುತ್ತದೆ. ದಿನಾ ತಲೆಗೆ ನೀರು ಹಾಕಿಕೊಳ್ಳದವರು, ಉದ್ದ ಕೂದಲಿನವರು ಬಹುಬೇಗ ಇದನ್ನು ಬಿಡುತ್ತಾರೆ. ಗೋಡೆಯ ಶವರ್‌ನಿಂದಾದರೆ ಒಂದು ಹೆಜ್ಜೆ ಹಿಂದೆ ಸರಿಯಬಹುದು, ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಹಾಕಿಸಲೇಬೇಕು ಅಂದರೆ ಪಂಪ್ ಜೊತೆ ಹಾಕಿಸಿ, ಹ್ಯಾಂಡ್ ಶವರ್ ಜೊತೆ ಹಾಕಿಸಿ.

*ಎದುರುಬದುರು ಎರಡು ಓವರ್‌ಹೆಡ್.* ಗಂಡ ಹೆಂಡತಿ ಇಬ್ಬರಿಗೂ ಒಂದೇ ಹೊತ್ತಿಗೆ ಆಫೀಸ್, ಒಂದೇ ಬಚ್ಚಲು ಅನ್ನುವ ಮನೆಯಲ್ಲಿ ಇದಕ್ಕೆ ಅರ್ಥವಿದೆ. 5 ಅಡಿ ಉದ್ದವಾದರೂ ಶವರ್ ಜಾಗ ಬೇಕು, ಎರಡಕ್ಕೂ ಬೇರೆ ಬೇರೆ ಮಿಕ್ಸರ್ ಬೇಕು. ನೀರನ್ನು ಬೇಕಾದ ಶವರ್‌ಗೆ ತಿರುಗಿಸುವ ಒಂದೇ ಡೈವರ್ಟರ್‌ನಿಂದ ಎರಡನ್ನೂ ನಡೆಸಿದರೆ ಒಬ್ಬರಿಗೆ ಬಿಸಿ ಹೆಚ್ಚಾಯಿತು, ಇನ್ನೊಬ್ಬರಿಗೆ ಕಮ್ಮಿಯಾಯಿತು ಅಂತ ಬೆಳಿಗ್ಗೆಯೇ ಜಗಳ.

*ಬಾಡಿ ಜೆಟ್.* ಇದರ ಮೇಲೆ ನನಗೆ ಅಷ್ಟೇನೂ ಒಲವಿಲ್ಲ. ಬೆನ್ನಿಗೆ, ಸೊಂಟಕ್ಕೆ ರಭಸದ ನೀರು ಬಿದ್ದರೆ ಹಾಯಾಗಿರುತ್ತದೆ, ನಿಜ. ಅದಕ್ಕೆ 1.5 ಬಾರ್ ಆದರೂ ಬೇಕು, ಪಂಪ್ ಬೇಕು, ದೊಡ್ಡ ಗೀಸರ್ ಬೇಕು, ಮುಕ್ಕಾಲು ಇಂಚಿನ ಪೈಪಿನ ಬಳೆ ಬೇಕು. ಬಳೆ ಅಂದರೆ ಎಲ್ಲ ಜೆಟ್‌ಗಳನ್ನೂ ಸುತ್ತುಹಾಕಿ ಮತ್ತೆ ತನ್ನನ್ನೇ ಬಂದು ಸೇರುವ ಪೈಪ್. ಹಾಗೆ ಮಾಡದೆ ಒಂದರಿಂದ ಒಂದಕ್ಕೆ ಎಳೆದುಕೊಂಡು ಹೋದರೆ ಮೊದಲ ಜೆಟ್ ಗುದ್ದುತ್ತದೆ, ಕೊನೆಯದು ಜೊಲ್ಲು ಸುರಿಸುತ್ತದೆ. ಎತ್ತರ ಇಡುವಾಗ ಮನೆಯಲ್ಲಿ ದಿನಾ ಅದನ್ನು ಬಳಸುವವರನ್ನು ಗೋಡೆಗೆ ನಿಲ್ಲಿಸಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ: ಭುಜದ ಕೆಳಗೆ ಒಂದು, ಸೊಂಟಕ್ಕೆ ಒಂದು. ಕ್ಯಾಟಲಾಗ್ ನೋಡಿ ಇಟ್ಟರೆ ಐದಡಿಯವರ ಮುಖಕ್ಕೇ ಬಂದು ಹೊಡೆಯುತ್ತದೆ. ಬಾಗಿಲ ಕಡೆಗೆ ಮುಖ ಮಾಡಿದ ಜೆಟ್ ಬೇಡ, ಗಾಜಿನ ಸಂದಿಯಿಂದ ನೀರು ಹೊರಗೆ ಬರುತ್ತದೆ.

ಮಾಡಿಸುವುದೇ ಆದರೆ ಆರು ಬೇಡ. ಬೆನ್ನಿಗೆ ಎರಡು ಸಾಕು. ಅದರಲ್ಲೇ ಸುಖದ ಬಹುಪಾಲು ಬಂದುಬಿಡುತ್ತದೆ. ಉಳಿದ ದುಡ್ಡಿಗೆ ದೊಡ್ಡ ಗೀಸರ್ ಹಾಕಿಸಿ.

ಅಮೆರಿಕದಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಿಗೆ ಒಂದು ಮಾತು. ಅಲ್ಲಿ ಒತ್ತಡದ ಚಿಂತೆ ಇಲ್ಲದಿದ್ದರೂ ಕಾನೂನಿನದು ಇದೆ. 1992ರ ಕಾಯ್ದೆ ಪ್ರಕಾರ ಶವರ್ ತಲೆ ನಿಮಿಷಕ್ಕೆ ಎರಡೂವರೆ ಗ್ಯಾಲನ್, ಅಂದರೆ 9.5 ಲೀಟರ್ ಮೀರುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 6.8 ಲೀಟರ್. ಒಂದೇ ಜೋಡಣೆಯಲ್ಲಿ ಹಲವು ತಲೆ ಇದ್ದರೆ ಮಿತಿ ಎಲ್ಲಕ್ಕೂ ಸೇರಿಯೋ ಒಂದೊಂದಕ್ಕೋ ಅನ್ನುವ ನಿಯಮ ಸರ್ಕಾರ ಬದಲಾದಂತೆಲ್ಲ ಬದಲಾಗುತ್ತಿದೆ. 2020ರಲ್ಲಿ ಸಡಿಲವಾಯಿತು, 2021ರಲ್ಲಿ ಬಿಗಿಯಾಯಿತು, 2025ರಲ್ಲಿ ಮತ್ತೆ ಸಡಿಲವಾಯಿತು. ನಿಮ್ಮ ರಾಜ್ಯದ್ದೇನು ಅಂತ ಅಲ್ಲಿನ ಪ್ಲಂಬರ್ ಹತ್ತಿರ ಕೇಳಿಯೇ ಪೈಪ್ ಹಾಕಿಸಿ.

ಡೈವರ್ಟರ್ ಯಾವುದು?

ಶವರ್‌ಗಿಂತ ಹೆಚ್ಚು ಯೋಚಿಸಬೇಕಾದದ್ದು ಡೈವರ್ಟರ್ ಬಗ್ಗೆ. ಶವರ್ ಹಿಡಿಸದಿದ್ದರೆ ಐದು ನಿಮಿಷದಲ್ಲಿ ಬಿಚ್ಚಿ ಬೇರೆ ಹಾಕಬಹುದು. ಡೈವರ್ಟರ್ ಗೋಡೆಯೊಳಗೆ ಹೂತಿರುತ್ತದೆ.

ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಇದು ಒಂದು ಸಲಕ್ಕೆ ಒಂದು ಶವರ್ ಮಾತ್ರ ಬಿಡುತ್ತದಾ, ಎರಡನ್ನೂ ಒಟ್ಟಿಗೆ ಬಿಡುತ್ತದಾ? ಒಂದು ಸಲಕ್ಕೆ ಒಂದು ಬಿಡುವುದು ನಮ್ಮ ಒತ್ತಡಕ್ಕೆ, ನಮ್ಮ ಗೀಸರ್‌ಗೆ ಹೇಳಿ ಮಾಡಿಸಿದ ಹಾಗಿದೆ. ಶವರ್ ಮೂರಿದ್ದರೂ ಓಡುವ ನೀರು ಒಂದರದ್ದೇ. ಬಹು ಶವರ್ ಬೇಕು, ಆದರೆ ನೀರು ಪೋಲಾಗಬಾರದು ಅನ್ನುವವರಿಗೆ ಇದೇ ಉತ್ತರ. ಓವರ್‌ಹೆಡ್, ಹ್ಯಾಂಡ್ ಶವರ್, ಸ್ಪೌಟ್ ಮೂರಕ್ಕೂ ಸೇರಿ ತ್ರೀ ವೇ ತೆಗೆದುಕೊಳ್ಳಿ. ಗ್ರಾವಿಟಿ ನೀರಿನ ಮನೆಯಾದರೆ ಹೈ ಫ್ಲೋ ಮಾದರಿ ಕೇಳಿ, ಒಳಗಿನ ದಾರಿ ಅಗಲವಾಗಿರುತ್ತದೆ.

ಥರ್ಮೋಸ್ಟಾಟ್ ಮಿಕ್ಸರ್ ಒಳ್ಳೆಯದೇ. 38 ಡಿಗ್ರಿಗೆ ತಡೆ ಇರುತ್ತದೆ, ಮಕ್ಕಳ ಮೈ ಸುಡುವುದಿಲ್ಲ. ಆದರೆ ಸಾಮಾನ್ಯವಾಗಿ 1 ಬಾರ್ ಒತ್ತಡ ಕೇಳುತ್ತದೆ, ಬೋರ್ ನೀರಿನ ಸುಣ್ಣ ಕಂಡರೆ ಅದಕ್ಕಾಗದು. ಯಾವುದೇ ಕಂಪನಿಯದಾಗಲಿ, ಒಳಗೆ ನೀರನ್ನು ಬಿಟ್ಟು ತಡೆಯುವ ಭಾಗವಾದ ಕಾರ್ಟ್ರಿಡ್ಜ್ ನಿಮ್ಮ ಊರಿನಲ್ಲಿ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ. ಹೊರಗಿನಿಂದ ತರಿಸಿದ ಚೆಂದದ ಡೈವರ್ಟರ್‌ಗೆ ಕಾರ್ಟ್ರಿಡ್ಜ್ ಸಿಗದೆ ಟೈಲ್ಸ್ ಒಡೆಸಬೇಕಾದರೆ ಹೊಟ್ಟೆ ಉರಿಯುತ್ತದೆ.

ಗೋಡೆ ಒಪ್ಪುತ್ತದಾ?

ಕನ್ಸೀಲ್ಡ್ ಡೈವರ್ಟರ್ ಕೂರಲು ಗೋಡೆಯಲ್ಲಿ ಆಳ ಬೇಕು. ಬಚ್ಚಲಿನ ಮಧ್ಯದ ಗೋಡೆಗಳು ಹೆಚ್ಚಾಗಿ 4 ಇಂಚಿನ ಬ್ಲಾಕ್. ಅದನ್ನು ಎರಡೂ ಕಡೆಯಿಂದ ಕೊರೆದರೆ ಉಳಿಯುವುದು ಏನೂ ಇಲ್ಲ. ಪಕ್ಕದ ಬಚ್ಚಲಿನ ಪೈಪ್ ಕೂಡ ಅದೇ ಗೋಡೆಯಲ್ಲಿ ಇದೆಯಾ ನೋಡಿ. 6 ಅಥವಾ 8 ಇಂಚಿನ ಹೊರಗೋಡೆ ಇದ್ದರೆ ಡೈವರ್ಟರ್, ಜೆಟ್ ಎಲ್ಲ ಅಲ್ಲೇ ಬರಲಿ.

ಮೈವಾನ್ ಶಟರಿಂಗ್, ಅಂದರೆ ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು ಕಟ್ಟಿದ ಅಪಾರ್ಟ್‌ಮೆಂಟ್ ಆದರೆ ಗೋಡೆಯೇ ಕಾಂಕ್ರೀಟ್. ಕಟ್ಟಡ ನಿಂತಿರುವುದೇ ಅದರ ಮೇಲೆ. ಅದನ್ನು ಕೊರೆಯುವ ಹಾಗಿಲ್ಲ, ಪಿಲ್ಲರ್ ಬೀಮ್‌ಗಳನ್ನೂ ಅಷ್ಟೇ. ಇಂಥ ಮನೆಗೆ ಹೊರಗೆ ಕೂರುವ ಕಾಲಮ್ ಒಂದೇ ದಾರಿ. ಬಹಳವೇ ಆಸೆಯಿದ್ದರೆ ಮುಂದೆ ಇನ್ನೊಂದು ತೆಳು ಗೋಡೆ ಕಟ್ಟಿಸಿ ಅದರೊಳಗೆ ಪೈಪ್ ಹಾಕಿಸಬಹುದು. ಆರು ಇಂಚು ಜಾಗ ಹೋಗುತ್ತದೆ, ಶಾಂಪೂ ಬಾಟಲಿ ಇಡಲು ಗೂಡು ಸಿಗುತ್ತದೆ.

ಡೈವರ್ಟರ್ ಮೇಲೆ ಪ್ಲಾಸ್ಟಿಕ್ ಮುಚ್ಚಳ ಬರುತ್ತದೆ. ಅದರ ಮೇಲೆ ಎರಡು ಗೆರೆ ಇರುತ್ತವೆ, ಟೈಲ್ಸ್ ಮುಗಿದ ಮೇಲಿನ ಗೋಡೆ ಆ ಎರಡರ ನಡುವೆ ನಿಲ್ಲಬೇಕು. ಪ್ಲಂಬರ್ ಕೂರಿಸಿ ಹೋಗುತ್ತಾನೆ, ಗಾರೆಯವರು ಒಂದಿಂಚು ಮೆತ್ತುತ್ತಾರೆ, ಟೈಲ್ಸ್‌ನವರು ಇನ್ನೊಂದಿಷ್ಟು ಸೇರಿಸುತ್ತಾರೆ. ಕೊನೆಗೆ ಹಿಡಿ ಹಾಕಲು ಹೋದರೆ ಡೈವರ್ಟರ್ ಎಲ್ಲೋ ಬಾವಿಯೊಳಗೆ ಕೂತಿರುತ್ತದೆ. ಪ್ಲಂಬರ್ ಕೂರಿಸುವ ದಿನವೇ ಒಂದು ಟೈಲ್ ತುಂಡು ಹಿಡಿದು, ಗಾರೆ ದಪ್ಪ ಸೇರಿಸಿ ಅಳೆಸಿ.

ನೀರಿನ ಸುಣ್ಣ, ನೀರಿನ ದಾರಿ

ಕಾವೇರಿ ನೀರಿನ ಮನೆಗೆ ಈ ಮಾತು ಅಷ್ಟಾಗಿ ತಾಗದು. ಬೋರ್ ನೀರಾದರೆ ಗಡಸು ಎಷ್ಟಿದೆ ಅಂತ ಮೊದಲೇ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಲೀಟರ್‌ಗೆ 200 ಮಿಲಿಗ್ರಾಂ ಗಡಸು ಸರಿ, ಬೇರೆ ದಾರಿ ಇಲ್ಲದಿದ್ದರೆ 600ರವರೆಗೂ ಸಹಿಸಬಹುದು ಅಂತ ಭಾರತೀಯ ಮಾನಕ ಹೇಳುತ್ತದೆ. ಶವರ್‌ಗೆ ಅಷ್ಟು ತಾಳ್ಮೆ ಇಲ್ಲ. 300, 400 ದಾಟಿದ ನೀರಿನಲ್ಲಿ ಸಣ್ಣ ತೂತುಗಳು ಬೇಗ ಬಿಳಿ ಕಟ್ಟುತ್ತವೆ, ನೀರು ಅಡ್ಡಾದಿಡ್ಡಿ ಚಿಮ್ಮುತ್ತದೆ. ಸಿಲಿಕೋನ್ ರಬ್ಬರ್ ತುದಿಗಳಿರುವ ಶವರ್ ಆದರೆ ಬೆರಳಿನಿಂದ ಉಜ್ಜಿದರೆ ಸುಣ್ಣ ಉದುರುತ್ತದೆ. ಗಟ್ಟಿ ಲೋಹದ ತೂತಾದರೆ ವಿನೆಗರ್‌ನಲ್ಲಿ ನೆನೆಸಬೇಕು. ಗೋಡೆಯಲ್ಲಿ ಕೂತ ಜೆಟ್ಟನ್ನು ನೆನೆಸುವುದು ಹೇಗೆ? ಬೋರ್ ಮನೆಗೆ ಜೆಟ್ ಬೇಡ ಅನ್ನಲು ಇದೂ ಒಂದು ಕಾರಣ. ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿಸುವವರು ಉಪ್ಪು ಹಾಕುವ ಕೆಲಸವನ್ನೂ ಒಪ್ಪಿಕೊಂಡೇ ಹಾಕಿಸಬೇಕು.

ಬಂದ ನೀರು ಹೋಗಬೇಕಲ್ಲ. ಮಾಮೂಲಿ ಶವರ್‌ಗೆ ಒಂದು ನಹಾನಿ ಟ್ರ್ಯಾಪ್, ಅಂದರೆ ನೆಲದ ಜಾಲಿಯ ಕೆಳಗೆ ವಾಸನೆ ತಡೆಯುವ ಬಟ್ಟಲು, ಸಾಕು. ನಿಮಿಷಕ್ಕೆ 30 ಲೀಟರ್ ಮೀರಿದರೆ ದೊಡ್ಡ ಟ್ರ್ಯಾಪ್, ದೊಡ್ಡ ತೂತಿನ ಜಾಲಿ ಅಥವಾ ಉದ್ದನೆಯ ಲೀನಿಯರ್ ಡ್ರೈನ್ ಬೇಕು. ಕೂದಲು ಸಿಕ್ಕಿದ ಮೇಲೂ ಅಷ್ಟು ನೀರು ಇಳಿಯಬೇಕು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಇಳಿಜಾರು ಮೀಟರ್‌ಗೆ ಒಂದು, ಒಂದೂವರೆ ಸೆಂಟಿಮೀಟರ್ ಇರಲಿ. ಒಂದು ಚೊಂಬು ನೀರು ಚೆಲ್ಲಿ, ಅದು ಎಲ್ಲಿ ನಿಲ್ಲುತ್ತದೆ ನೋಡಿಯೇ ಟೈಲ್ಸ್‌ನವರ ಲೆಕ್ಕ ಚುಕ್ತಾ ಮಾಡಿ.

ಟೈಲ್ಸ್ ಮುಚ್ಚುವ ಮೊದಲು

ಟ್ಯಾಂಕಿನಿಂದ ಬಚ್ಚಲಿಗೆ 1 ಇಂಚು, ಡೈವರ್ಟರ್‌ವರೆಗೆ ಮುಕ್ಕಾಲು, ಅಲ್ಲಿಂದ ಶವರ್‌ಗೆ ಅರ್ಧ ಇಂಚು. ಬಿಸಿನೀರಿಗೆ ಬಿಸಿ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್. ಡೈವರ್ಟರ್ ನೆಲದಿಂದ ಮೂರೂವರೆ ಅಡಿ, ಅದೂ ಶವರ್ ಕೆಳಗೆ ನೇರವಾಗಿ ಬೇಡ. ಬಾಗಿಲ ಕಡೆ ಸರಿಸಿದರೆ ನೆನೆಯದೆ ನೀರು ಬಿಟ್ಟು, ಬಿಸಿ ಬಂದ ಮೇಲೆ ಒಳಗೆ ಹೋಗಬಹುದು. ಈಗ ಬಾಡಿ ಜೆಟ್ ಬೇಡ, ಮುಂದೆ ನೋಡೋಣ ಅನ್ನುವವರು ಒಂದು ಪಾಯಿಂಟ್ ಎಳೆಸಿ ಡಮ್ಮಿ ಹಾಕಿ ಮುಚ್ಚಿಸಿಡಿ. ಖರ್ಚು ತೀರಾ ಕಡಿಮೆ.

ಪೈಪ್ ಎಲ್ಲ ಕೂತ ಮೇಲೆ ಗೋಡೆಗೆ ಟೇಪ್ ಹಿಡಿದು, ಅಳತೆ ಕಾಣುವಂತೆ ಒಂದೊಂದು ಗೋಡೆಯದೂ ಫೋಟೊ ತೆಗೆಯಿರಿ. ನಾಳೆ ಟವೆಲ್ ರಾಡ್‌ಗೆ ಡ್ರಿಲ್ ಹಾಕುವವನಿಗೆ ಅದು ಬೇಕು. ಆಮೇಲೆ ಪ್ಲಂಬರ್‌ಗೆ ಕೈಪಂಪಿನ ಪ್ರೆಶರ್ ಟೆಸ್ಟ್ ಮಾಡಲು ಹೇಳಿ. ಎಲ್ಲ ಪಾಯಿಂಟ್‌ಗೂ ಡಮ್ಮಿ ಬಿಗಿದು, ನೀರು ತುಂಬಿ, ಗಾಳಿ ಬಿಟ್ಟು, ಪೈಪ್ ಕಂಪನಿ ಹೇಳಿದಷ್ಟು ಒತ್ತಡ ಏರಿಸಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ನೀವೇ ಹೋಗಿ ಗೇಜ್ ನೋಡಿ. ಮುಳ್ಳು ನಿನ್ನೆ ಇದ್ದಲ್ಲಿಂದ ಕೆಳಗೆ ಬಂದಿದ್ದರೆ ಟೈಲ್ಸ್‌ನವರಿಗೆ ಫೋನ್ ಮಾಡಿ, ಇವತ್ತು ಬರಬೇಡಿ ಅನ್ನಿ.